ದೋಸ್ತ ಮುಂದ್ ಹೋದ, ನಾ ಹಿಂದ್ ಉಳ್ದೆ ಅನಸ್ತದ, ಏನ್ ಮಾಡ್ಲಿ ಸರ್?

ಪ್ರಶ್ನಿ: "ಸರ್, ನಾ ಬಿಕಾಂ ಮುಗ್ಸಿ ಕಲಬುರಗಿದಾಗ ಒಂದು ದಾಲ್ ಮಿಲ್ಲಿನ ಅಕೌಂಟ್ಸ್ ನೋಡ್ತೀನಿ, ಪಗಾರ 16 ಸಾವಿರ. ನನ್ ಜೋಡಿ ಓದಿದವ್ರೆಲ್ಲಾ ಹೈದರಾಬಾದ್, ಪುಣೆ, ಬೆಂಗಳೂರು ಅಂತ ಹೋಗ್ಯಾರ. ಒಬ್ಬವ ಎಂಬಿಎ ಮಾಡಿ 12 ಲಕ್ಷದ ಪ್ಯಾಕೇಜ್ ಅಂತ ಸ್ಟೇಟಸ್ ಹಾಕ್ಯಾನ. ನಾ ಹಿಂದ್ ಉಳ್ದೆ ಅನಸ್ತದ."

ಉತ್ತರ: ಈ ಪ್ರಶ್ನಿ ಬರೋದು ನಿಲ್ಲೋದೇ ಇಲ್ಲ. ಸೇಡಂದವ್ರು ಕೇಳಿದ್ರ ದೋಸ್ತ ಹೈದರಾಬಾದ್‌ದಾಗ ಇರ್ತಾನ, ಆಳಂದದವ್ರು ಕೇಳಿದ್ರ ಪುಣೆದಾಗ, ಅಷ್ಟೇ ಫರಕ್. ಉತ್ತರನೂ ಅದೇ: ಅವನ ಸ್ಟೇಟಸ್ ಮ್ಯೂಟ್ ಮಾಡ್ರಿ, ಹ್ವಾದ ವರ್ಷ ಬರ್ಲಾರದ ಯಾವ ಕೆಲ್ಸ ನಿಮ್ಗ ಈ ವರ್ಷ ಬರ್ತದ ಅನ್ನೋದು ಒಂದ್ ಹಾಳಿ ಮ್ಯಾಲ ಬರೀರಿ, ಹಾಳಿ ಖಾಲಿ ಉಳೀತಂದ್ರ ಆಗ ಚಿಂತಿ ಮಾಡ್ರಿ.

ಇಷ್ಟಕ್ಕೇ ಮುಗೀಬೇಕು, ಆದ್ರ ಮುಗಿಯಲ್ಲ. ಪ್ರತಿ ಸಲ ಒಂದು ಮಾತು ಹೊಳ್ಳಿ ಬರ್ತದ: "ಹಂಗಲ್ಲ ಸರ್, ಇನ್ನೊಬ್ರನ್ನ ನೋಡಿ ಹೊಟ್ಟಿ ಉರದ್ರೇ ಛಲ ಬರ್ತದ." ಇದನ್ನ ಕೇಳಿ ಕೇಳಿ ಬ್ಯಾಸತ್ತೀನಿ, ಅದಕ್ಕ ಇವತ್ತು ಪೂರಾ ಹೇಳಿಬಿಡ್ತೀನಿ.

ಮನ್ಯಾಗ ಅಪ್ಪ ಹೇಳ್ಯಾರ, ಸಾಲ್ಯಾಗ ಮಾಸ್ತರ ಹೇಳ್ಯಾರ, "ಅವನ್ನ ನೋಡಿ ಕಲಿ" ಅಂತ. ಕಲೀರಿ, ಬ್ಯಾಡ ಅಂದವ್ರ್ಯಾರು? ಅವಗ ಫೋನ್ ಹಚ್ಚಿ ಇಂಟರ್‌ವ್ಯೂದಾಗ ಏನ್ ಕೇಳಿದ್ರು, ಎಕ್ಸೆಲ್ ಎಷ್ಟ್ ಬರ್ಬೇಕು, ಯಾವ ಕೋರ್ಸಿಗೆ ರೊಕ್ಕ ಹಾಕೋದು ದಂಡ ಅಂತ ಕೇಳಿದ್ರ ಕಲ್ತಂಗ. ಆದ್ರ ನೀವು ಫೋನ್ ಹಚ್ಚಲ್ಲ. ಸ್ಟೇಟಸ್ ನೋಡ್ತೀರಿ, ಆಮ್ಯಾಲ ಲಿಂಕ್ಡ್‌ಇನ್ ತೆಗೀತೀರಿ, ರಾತ್ರಿ ಒಂದ್ ಗಂಟಿ ತನ ಸ್ಕ್ರೋಲ್ ಮಾಡ್ತೀರಿ, ಮರುದಿನ ಮಿಲ್ಲಿಗೆ ಲೇಟ್ ಹೋಗಿ ಮಾಲಕರ ಕೈಲೆ ಬೈಸ್ಕೋತೀರಿ. ಇದ್ರಾಗ ಛಲ ಎಲ್ಲದ ತೋರಿಸ್ರಿ ನನಗ.

ಇದನ್ನ ಅಳೆದು ನೋಡಿದವ್ರೂ ಅದಾರ. ಅಮೆರಿಕದ ಕ್ಯಾಲಿಫೋರ್ನಿಯಾ ಯುನಿವರ್ಸಿಟಿ ಸರ್ಕಾರದ್ದು, ಅಲ್ಲಿ ಕೆಲ್ಸ ಮಾಡೋರ ಪಗಾರ ಯಾರ್ ಬೇಕಾದ್ರೂ ನೋಡೋ ವೆಬ್‌ಸೈಟ್‌ನಾಗ ಇತ್ತು. ಡೇವಿಡ್ ಕಾರ್ಡ್ ಅನ್ನೋ ಎಕನಾಮಿಕ್ಸ್ ಪ್ರೊಫೆಸರ್ (2021ರಾಗ ನೊಬೆಲ್ ಬಂತಲ್ಲ, ಅವ್ರೇ) ಮತ್ತ ಅವ್ರ ಜೋಡಿದವ್ರು ಕೆಲವು ನೌಕರರಿಗಷ್ಟೇ "ಇಂಥ ವೆಬ್‌ಸೈಟ್ ಅದ ನೋಡ್ರಿ" ಅಂತ ಮೇಲ್ ಹಾಕಿದ್ರು, ಆಮ್ಯಾಲ ಎಲ್ಲರಿಗೂ ಕೆಲ್ಸದ ಬಗ್ಗೆ ಹೆಂಗ್ ಅನಸ್ತದ ಅಂತ ಕೇಳಿದ್ರು. 2012ರಾಗ ಅದು ಛಾಪ್ ಆಯ್ತು. ತಮ್ಮ ವಿಭಾಗದಾಗ ನಡು ಪಗಾರಕ್ಕಿಂತ ಕಡಿಮಿ ಇದ್ದವ್ರಿಗೆ ಕೆಲ್ಸದ ಮ್ಯಾಲಿನ ಸಮಾಧಾನ ಇಳೀತು, ಬ್ಯಾರೆ ಕಡಿ ನೋಡ್ಬೇಕು ಅನ್ನೋ ವಿಚಾರ ಏರ್ತು. ಸರಿ, ಹೆಚ್ಚು ಪಗಾರ ಇದ್ದವ್ರಿಗರೇ ಖುಷಿ ಆಯ್ತೇನು? ಅದೂ ಇಲ್ಲ! ಕೆಳಗಿದ್ದವ್ರಿಗೆ ಸಂಕಟ ಬಂತು, ಮ್ಯಾಲಿದ್ದವ್ರಿಗೆ ಏನೂ ಬರ್ಲಿಲ್ಲ. ನಿಮ್ ದೋಸ್ತನೂ ತನ್ನ ಆಫೀಸ್‌ನಾಗ 20 ಲಕ್ಷದವನ್ನ ನೋಡಿ ಕುಂತಿರ್ತಾನ, ಅದನ್ನ ಸ್ಟೇಟಸ್ ಹಾಕಲ್ಲ ಅಷ್ಟೇ. ಮತ್ತ ಕೆಲ್ಸ ಬಿಡ್ಬೇಕು ಅನಸೋದಕ್ಕ ಛಲ ಅಂತ ಹೆಸರು ಇಡಬ್ಯಾಡ್ರಿ ದಯಮಾಡಿ.

ಲಿಯಾನ್ ಫೆಸ್ಟಿಂಗರ್ ಅನ್ನೋ ಮನಶ್ಶಾಸ್ತ್ರಜ್ಞ 1954ರಾಗೇ ಬರ್ದಿದ್ರು, ಮನುಷ್ಯಾ ಹೋಲಿಸ್ಕೊಳ್ಳೋದು ತನ್ನಂಗ ಇದ್ದವ್ರ ಜೋಡಿ ಅಂತ. ಖರೇ ಮಾತು. ಅಂಬಾನಿ ನೋಡಿ ನಿಮ್ ನಿದ್ದಿ ಕೆಡಲ್ಲ, ಒಂದೇ ಬೆಂಚಿನ ಮ್ಯಾಲ ಕುಂತವನ್ನ ನೋಡಿ ಕೆಡ್ತದ. ಆದ್ರ ಅವ ನಿಮ್ಮಂಗೇ ಇದ್ದ ಅಂತ ಯಾರ್ ಹೇಳಿದ್ರು? ಎಂಜಿನಿಯರಿಂಗ್ ಹುಡುಗ್ರನ್ನೇ ನೋಡ್ರಿ. 2021-22ರಾಗ ಪಾಸಾದವ್ರಿಗೆ ಐಟಿ ಕಂಪನಿಗೋಳು ಕರೆದು ಕರೆದು ಕೆಲ್ಸ ಕೊಟ್ವು. 2023-24ರಾಗ ಟಿಸಿಎಸ್, ಇನ್ಫೋಸಿಸ್, ವಿಪ್ರೋ ಮೂರರಾಗೂ ಒಟ್ಟು ನೌಕರರ ಸಂಖ್ಯಾನೇ ಇಳೀತು. ಅದೇ ಕಾಲೇಜು, ಅದೇ ಲ್ಯಾಬು, ಅವೇ ಮಾಸ್ತರ್ರು, ಎರಡು ವರ್ಷ ಆಚಿ ಈಚಿ ಹುಟ್ಟಿದ್ದಕ್ಕ ಒಬ್ಬಗ ಆಫರ್ ಲೆಟರ್, ಇನ್ನೊಬ್ಬ ಮನ್ಯಾಗ.

ಸರ್ಕಾರಿ ನೌಕ್ರಿದೂ ಹಿಂಗೇ. ನಮ್ ಕಲ್ಯಾಣ ಕರ್ನಾಟಕ ಭಾಗದವ್ರಿಗೆ ನೌಕ್ರಿ, ಸೀಟಿನಾಗ ಮೀಸಲು ಕೊಡೋ ಸಂವಿಧಾನದ 371ಜೆ ಕಲಂ ಬಂದದ್ದು 2012ರ 98ನೇ ತಿದ್ದುಪಡಿಯಿಂದ, ನೇಮಕಾತಿ ಮೀಸಲಾತಿ ಆದೇಶ ಆದದ್ದು 2013ರಾಗ. ಅದಕ್ಕಿಂತ ಮೊದಲು ಪರೀಕ್ಷಾ ಬರ್ದ ಅಣ್ಣಗ ಆ ಮೀಸಲಾತಿ ಸರ್ಟಿಫಿಕೇಟೇ ಇರ್ಲಿಲ್ಲ, ಆಮ್ಯಾಲ ಬರ್ದ ತಮ್ಮಗ ಇತ್ತು, ತಮ್ಮ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆದ. ಈಗ ಅಣ್ಣ ದಡ್ಡ ತಮ್ಮ ಶಾಣ್ಯಾ ಅಂತೀರೇನು? ಓಣ್ಯಾಗ ಮಂದಿ ಅಂತಾರ, ಗೊತ್ತದ ನನಗ, ಅದಕ್ಕೇ ಕೇಳ್ಲತ್ತೀನಿ.

ಈಗ ನಿಮ್ ಕೆಲ್ಸಕ್ಕ ಬರ್ತೀನಿ. ದಾಲ್ ಮಿಲ್ ಅಕೌಂಟ್ಸ್ ಅಂದ್ರ ಸಣ್ಣದೇನಲ್ಲ ತಮ್ಮಾ. ಟ್ಯಾಲಿದಾಗ ಎಂಟ್ರಿ ಹಾಕೋದಷ್ಟೇ ಬರ್ತದೋ, ಇಲ್ಲಾ ಪ್ರತಿ ತಿಂಗಳು 11ರೊಳಗ ಜಿಎಸ್‌ಟಿಆರ್-1 (ಮಾರಾಟದ ಲೆಕ್ಕ), 20ರೊಳಗ 3ಬಿ (ತೆರಿಗಿ ಕಟ್ಟೋ ರಿಟರ್ನ್) ನೀವೇ ಹಾಕ್ತೀರೋ? ಖರೀದಿ ಬಿಲ್ಲಿಗೂ 2ಬಿಗೂ (ಮಾರಿದವ್ರು ತೋರಿಸಿದ ಬಿಲ್ಲಿನ ಪಟ್ಟಿ) ತಾಳೆ ಹಾಕ್ಲಾಕ ಬರ್ತದೋ? 2022ರ ಜುಲೈದಿಂದ ಲೇಬಲ್ ಹಚ್ಚಿದ 25 ಕೆಜಿ ತನಕದ ಬ್ಯಾಳಿ ಪ್ಯಾಕಿಗೆ 5 ಪರ್ಸೆಂಟ್ ತೆರಿಗಿ ಬಂತು, ಅದಕ್ಕಿಂತ ದೊಡ್ಡ ಚೀಲಕ್ಕ ಇಲ್ಲ, ಇದನ್ನ ಮಾಲಕರಿಗೆ ಬಿಡಿಸಿ ಹೇಳ್ತೀರೋ? ಇಷ್ಟ್ ಮಾಡೋ ಹುಡುಗ್ರು ಸಿಗವಲ್ರು ಅಂತ ಸಿಎ ಆಫೀಸ್‌ನವ್ರು ಗೋಳಾಡ್ತಾರ.

ಹಂಗಂತ ಯಾರ ಪಗಾರನೂ ಕೇಳ್ಲೇಬಾರ್ದು ಅಂತ ಅಲ್ಲ. ಗಂಜ್‌ಗೆ (ಎಪಿಎಂಸಿ ಮಾರ್ಕೆಟ್‌ಗೆ) ತೊಗರಿ ಒಯ್ಯೋ ರೈತ ಹೊರಡೋ ಮೊದಲು ಇಲ್ಲಿ ಎಷ್ಟು, ಸೋಲಾಪುರದಾಗ ಎಷ್ಟು, ಲಾತೂರದಾಗ ಎಷ್ಟು ಅಂತ ದರ ಕೇಳೇ ಕೇಳ್ತಾನ. ಬಾಜೂ ಹೊಲದವಗ ಎಷ್ಟ್ ಚೀಲ ಬಂತು ಅಂತ ಲೆಕ್ಕ ಹಾಕ್ಕೋತ ತನ್ನ ಚೀಲ ಮನ್ಯಾಗ ಬಿಟ್ಟು ಕೂಡಲ್ಲ. ನಿಮ್ ಕೆಲ್ಸದ ದರ ಬ್ಯಾರೆ ಮಿಲ್ಲಿನಾಗ ಎಷ್ಟು ನಡದದ ಅಂತ ಕೇಳ್ರಿ, ಗೊತ್ತಿರ್ಲಿಲ್ಲಂದ್ರ ಪಗಾರ ಏರಿಸ್ರಿ ಅಂತ ಮಾಲಕರ ಮುಂದ ಏನ್ ಬಾಯಿ ತೆಗೀತೀರಿ?

ಇನ್ನೊಂದು, ನೀವು ಕೇಳಿಲ್ಲ, ಆದ್ರ ಬಾಯಿಗೆ ಬಂದದ, ಹೇಳ್ತೀನಿ. ಕನ್ಯಾ ನೋಡ್ಲಾಕ ಹೋದಲ್ಲಿ "ಹುಡುಗನ ಪಗಾರ ಎಷ್ಟರೀ" ಅಂತಾರಲ್ಲ, ಆಗ ಏನ್ ಹೇಳ್ಬೇಕು? ಪ್ಯಾಕೇಜ್ 12 ಲಕ್ಷ ಅಂದ ಕೂಡ್ಲೇ ಹಿರಿಯರು ತಿಂಗಳಿಗೆ ಒಂದು ಲಕ್ಷ ಅಂತ ತಲ್ಯಾಗ ಹಾಕ್ಕೋತಾರ. ಬೇಸಿಕ್ (ಮೂಲ ಪಗಾರ) ತಿಂಗಳಿಗೆ 40 ಸಾವಿರ ಅಂತ ಹಿಡೀರಿ. ಕಂಪನಿ ಕಟ್ಟೋ ಪಿಎಫ್ 12 ಪರ್ಸೆಂಟ್, ಅಂದ್ರ ವರ್ಷಕ್ಕ 57,600, ಅದೂ ಆ 12 ಲಕ್ಷದಾಗೇ ಇರ್ತದ. ಗ್ರ್ಯಾಚುಟಿ 4.81 ಪರ್ಸೆಂಟ್, ಸುಮಾರು 23 ಸಾವಿರ, ಅದು ಸಿಗೋದು ಕೆಲ್ಸ ಬಿಡುವಾಗ. ವೇರಿಯೇಬಲ್ (ಕೆಲ್ಸ ನೋಡಿ ಕೊಡೋ ಪಾಲು) ಪ್ಯಾಕೇಜಿನ 10 ಪರ್ಸೆಂಟ್ ಇಟ್ರ 1,20,000, ಕಂಪನಿ ಕೊಟ್ರ ಉಂಟು. ಉಳಿದದ್ದು ತಿಂಗಳಿಗೆ 83 ಸಾವಿರ ಚಿಲ್ಲರ, ಅದ್ರಾಗ ಅವನ ಪಾಲಿನ ಪಿಎಫ್ 4,800, ಪ್ರೊಫೆಷನಲ್ ಟ್ಯಾಕ್ಸ್ 200 ಹೋಗಿ ಕೈಗೆ ಬರೋದು 78 ಸಾವಿರ. 2025-26ರ ಹೊಸ ಪದ್ಧತಿಯಾಗ ಇನ್ಕಮ್ ಟ್ಯಾಕ್ಸ್ ಬೀಳಲ್ಲ ಅಂದ್ರೂ ಇಷ್ಟೇ. ಬೆಂಗಳೂರು ಬಾಡಿಗಿ, ಅಡ್ವಾನ್ಸು ಇನ್ನಾ ಹಿಡ್ದಿಲ್ಲ. ಛೊಲೋ ಪಗಾರನೇ ಬಿಡ್ರಿ, ಆದ್ರ ಲಕ್ಷ ಅಲ್ಲ.

ಅದಕ್ಕ ಬೀಗರ ಮುಂದ ನೀವು ಹೇಳೋದು ಬ್ಯಾಂಕಿಗೆ ಬಂದು ಬೀಳೋ ರೊಕ್ಕ, ಅಷ್ಟೇ ಹೇಳ್ರಿ. ಮೊದಲು ನಿಮ್ ಪಿಎಫ್ ಕಟ್ಲತ್ತಾರೋ ಇಲ್ಲೋ ನೋಡ್ರಿ, ಮಿಲ್ಲಿನಾಗ 20 ಮಂದಿ ಇಲ್ಲಾ ಹೆಚ್ಚು ಇದ್ದು ನಿಮ್ಮ ಬೇಸಿಕ್, ತುಟ್ಟಿಭತ್ಯೆ ಕೂಡಿ 15 ಸಾವಿರದೊಳಗ ಇದ್ರ ಕಟ್ಲೇಬೇಕು. ಉಮಂಗ್ ಆ್ಯಪ್‌ನಾಗ ಪಾಸ್‌ಬುಕ್ ಸಿಗ್ತದ. ಪಗಾರದಾಗ ಕಟ್ ಆಗಿ ಪಾಸ್‌ಬುಕ್‌ನಾಗ ಕಾಣ್ಲಿಲ್ಲಂದ್ರ ಯಾವ ತಿಂಗಳಿನದು ಅಂತ ಬರ್ಕೊಂಡು ಹೋಗಿ ಮಾಲಕರಿಗೆ ಕೇಳ್ರಿ, ಅಕೌಂಟ್ಸ್ ನೋಡೋರು ನೀವೇ ಅಲ್ಲೇನ್ರಿ.