ಬಣ್ಣ ಹೋಯಿತು, ಹುಟ್ಟಿದ ದೇಶ ಉಳಿಯಿತು

ಅಮೆರಿಕದ ಗ್ರೀನ್ ಕಾರ್ಡ್ (ಅಲ್ಲೇ ಶಾಶ್ವತವಾಗಿ ನೆಲೆಸುವ ಅನುಮತಿ) ಸಾಲಿನಲ್ಲಿ ವರ್ಷಗಟ್ಟಲೆ ಕಾದವರು ನನ್ನಂಥ ವಲಸೆ ವಕೀಲರ ಹತ್ತಿರ ಬಂದರೆ ಕೇಳುವುದು ಒಂದೇ: 'ಭಾರತದಲ್ಲಿ ಹುಟ್ಟಿದ್ದೇ ನಮ್ಮ ತಪ್ಪಾ ಸಾರ್?' ಹುಟ್ಟಿದ ದೇಶ ನೋಡಿ, ಪ್ರತಿ ದೇಶಕ್ಕೂ ಒಂದೇ ಮಿತಿ ಹಾಕುವ ಈ ಲೆಕ್ಕ ಹುಟ್ಟಿದ್ದು ಜನಾಂಗಭೇದ ತೆಗೆಯಲು ತಂದ ಕಾನೂನಿನಲ್ಲೇ.

1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪಂಜಾಬಿನಿಂದ ಹೋಗಿದ್ದ ಭಗತ್ ಸಿಂಗ್ ಥಿಂಡ್ ಅವರ ಕೇಸಿನಲ್ಲಿ ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವವಿಲ್ಲ ಎಂದಿತು. ಮೊದಲೇ ಪೌರತ್ವ ಸಿಕ್ಕಿದ್ದ ಹಲವರಿಂದ ಅದನ್ನು ಕಿತ್ತುಕೊಂಡರು. 1946ರ ಲೂಸ್-ಸೆಲ್ಲರ್ ಕಾಯ್ದೆ ಆ ಬಾಗಿಲು ತೆರೆಯಿತು. ಆದರೆ ವಲಸೆಗೆ ಭಾರತದ ಪಾಲು ವರ್ಷಕ್ಕೆ 100. ಎರಡು ಕೆಂಪು ಬಸ್ಸಿಗಾಗುವಷ್ಟು ಜನ!

1952ರ ಕಾಯ್ದೆ ಪೌರತ್ವದ ನಿಯಮದಿಂದ ಜನಾಂಗವನ್ನು ತೆಗೆಯಿತು. ಕೋಟಾದಲ್ಲಿ, ಅಂದರೆ ಪ್ರತಿ ದೇಶಕ್ಕೆ ಸಿಗುವ ವಾರ್ಷಿಕ ಪಾಲಿನಲ್ಲಿ, ಮಾತ್ರ ಬಿಡಲಿಲ್ಲ. ಲಂಡನ್ನಿನಲ್ಲಿ ಹುಟ್ಟಿದರೂ ಅಪ್ಪ ಅಮ್ಮ ಭಾರತೀಯರಾದರೆ ಭಾರತದ ನೂರರಲ್ಲೇ ಲೆಕ್ಕ. ಅಧ್ಯಕ್ಷ ಟ್ರೂಮನ್ ಸಹಿ ಹಾಕದೆ ವಾಪಸ್ ಕಳಿಸಿದರು. ಅಲ್ಲಿನ ಸಂಸತ್ತು ಕಾಂಗ್ರೆಸ್ ಕೇಳಲಿಲ್ಲ, ಪಾಸು ಮಾಡಿಯೇ ಬಿಟ್ಟಿತು.

1965ರ ಚರ್ಚೆಯೇ ನನಗೆ ಜಾಸ್ತಿ ಇಷ್ಟ. 1924ರ ಕೋಟಾ ಕಾನೂನನ್ನು ಕಾಂಗ್ರೆಸ್‌ನ ಹೊಸ ಸದಸ್ಯರಾಗಿ ವಿರೋಧಿಸಿದ್ದ ಎಮ್ಯಾನುಯೆಲ್ ಸೆಲ್ಲರ್ ಈಗ ಅದನ್ನು ತೆಗೆಯುವ ಮಸೂದೆಯ ಮುಂದಾಳು. ಸರ್ಕಾರಕ್ಕೆ ಕೌಶಲ ಇದ್ದವರಿಗೆ ಮೊದಲ ಜಾಗ ಬೇಕಿತ್ತು. ವಲಸೆ ಉಪಸಮಿತಿಯ ಮೈಕಲ್ ಫೀಗನ್ ಪಟ್ಟು ಹಿಡಿದು ಸಂಬಂಧಿಕರನ್ನು ಮುಂದೆ ತಂದರು. ಲೆಕ್ಕಾಚಾರ ಸುಲಭ: ಅಲ್ಲಿ ಬಂಧುಗಳಿರುವುದು ಯುರೋಪಿನವರಿಗೆ, ಏಷ್ಯಾದವರಿಗೆ ಯಾರಿದ್ದಾರೆ? ದೇಶದ ಜನರ ಸ್ವರೂಪ ಬದಲಾಗುವುದಿಲ್ಲ ಎಂದು ಸೆನೆಟರ್ ಎಡ್ವರ್ಡ್ ಕೆನಡಿಯೂ ಧೈರ್ಯ ಹೇಳಿದರು. ಸೆನೆಟ್‌ನಲ್ಲಿ ಮಸೂದೆ 76-18 ಮತಗಳಿಂದ ಪಾಸಾಯಿತು. ಆಮೇಲೆ ನಡೆದದ್ದೇ ಬೇರೆ. ಡಾಕ್ಟರು, ಇಂಜಿನಿಯರುಗಳಾಗಿ ಹೋದವರು ಪೌರರಾದರು, ಅಣ್ಣತಮ್ಮಂದಿರನ್ನು ಕರೆಸಿಕೊಂಡರು. ಫೀಗನ್ ಹಾಕಿದ ಬೇಲಿಯೇ ನಮ್ಮವರಿಗೆ ದಾರಿಯಾಯಿತು.

ಅದೇ ಕಾಯ್ದೆ ಪೂರ್ವಾರ್ಧಗೋಳದ (ಯುರೋಪ್, ಏಷ್ಯಾ, ಆಫ್ರಿಕಾ ಕಡೆಯ) ಪ್ರತಿ ದೇಶಕ್ಕೂ ವರ್ಷಕ್ಕೆ 20,000 ಮಿತಿ ಹಾಕಿತು. ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಸಮಾನತೆ ಅಂದರೆ ಇದೇನಾ ಅಂತ ನನಗೆ ಈಗಲೂ ಅನುಮಾನ. 1990ರ ಕಾನೂನಿನಿಂದ ಆ ಮಿತಿ, ವರ್ಷಕ್ಕೆ ಮಿತಿ ಇರುವ ಗ್ರೀನ್ ಕಾರ್ಡ್‌ಗಳ ಒಟ್ಟು ಸಂಖ್ಯೆಯ ಶೇ. 7.

ಈ ಲೆಕ್ಕ ಪಾಸ್‌ಪೋರ್ಟ್ ನೋಡುವುದಿಲ್ಲ, ಹುಟ್ಟಿದ ಜಾಗ ನೋಡುತ್ತದೆ. ಅದಕ್ಕೇ ಮಂಗಳೂರು ಕಡೆಯ ಗಂಡ ಹೆಂಡತಿ ಬಂದರೆ ನಾನು ಮೊದಲು ಇಬ್ಬರ ಜನನ ಪ್ರಮಾಣಪತ್ರ ಕೇಳುತ್ತೇನೆ. ಹೆಂಡತಿ ಹುಟ್ಟಿದ್ದು ಮಸ್ಕತ್‌ನಲ್ಲಾದರೆ ಗಂಡನೂ ಭಾರತದ ಸಾಲು ಬಿಟ್ಟು ಒಮಾನ್ ಲೆಕ್ಕಕ್ಕೆ ಬರಬಹುದು. ಅಲ್ಲಿ ಕಾಯುವುದು ತುಂಬಾ ಕಡಿಮೆ. ಮಗು ಮಾತ್ರ ಅಲ್ಲಿ ಹುಟ್ಟಿದ್ದರೆ ಅಪ್ಪ ಅಮ್ಮನಿಗೆ ಏನೂ ಪ್ರಯೋಜನವಿಲ್ಲ.