ಆಡ್‌ಸೆನ್ಸ್ ಪಕ್ಕದಲ್ಲಿ ಇನ್ನೊಂದು ಜಾಹೀರಾತು ಹಾಕುವ ಮುಂಚೆ

ಸೈಟ್ ನಡೆಸುವವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು: "ಮೇಡಂ, ಆಡ್‌ಸೆನ್ಸ್ ಇದೆ. ಅದರ ಜೊತೆಗೆ ಇನ್ನೊಂದು ಕಂಪನಿಯ ಜಾಹೀರಾತು ಹಾಕಿದರೆ ಖಾತೆ ಹೋಗಿಬಿಡುತ್ತಾ?"

ಆಡ್‌ಸೆನ್ಸ್ ಅಂದರೆ ನಮ್ಮ ಸೈಟಿನಲ್ಲಿ ಜಾಹೀರಾತು ತೋರಿಸಿ ನಮಗೆ ದುಡ್ಡು ಕೊಡುವ ಗೂಗಲ್ ಸೇವೆ. ಇನ್ನೊಂದನ್ನು ಹಾಕಿದ ಮಾತ್ರಕ್ಕೆ ಅದರ ಖಾತೆ ಹೋಗುವುದಿಲ್ಲ. ಬೇರೆ ನೆಟ್‌ವರ್ಕ್ (ಜಾಹೀರಾತು ತಂದು ಸೈಟುಗಳಿಗೆ ಹಂಚುವ ಕಂಪನಿ) ಇರಲಿ, ಊರಿನ ಬಟ್ಟೆ ಅಂಗಡಿಯ ಬ್ಯಾನರ್ ಇರಲಿ, ಅಮೆಜಾನ್ ಲಿಂಕ್ ಇರಲಿ, ಗೂಗಲ್ ಜಾಹೀರಾತಿನ ಜೊತೆಗೆ ಒಂದೇ ಪುಟದಲ್ಲಿ ಇಡಬಹುದು. ಪುಟಕ್ಕೆ ಮೂರೇ ಜಾಹೀರಾತು ಎಂಬ ಹಳೆಯ ಮಿತಿಯನ್ನೂ 2016ರಲ್ಲೇ ತೆಗೆದುಹಾಕಿದ್ದಾರೆ. ಆದರೆ ಜಾಹೀರಾತು ಓದುವ ವಿಷಯಕ್ಕಿಂತ ಜಾಸ್ತಿ ಇರಬಾರದು.

ತೊಂದರೆ ಬರುವುದು ಬೇರೆ ಕಡೆಯಿಂದ. ಗೂಗಲ್‌ನ ಪಬ್ಲಿಷರ್ ನಿಯಮಗಳಲ್ಲಿ, ಅಂದರೆ ಸೈಟ್ ನಡೆಸುವವರಿಗಿರುವ ನಿಯಮಗಳಲ್ಲಿ, 'ಕಂಟೆಂಟ್' ಅಂದರೆ ಏನು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಪುಟದಲ್ಲಿ ಇರುವುದೆಲ್ಲವೂ ಕಂಟೆಂಟ್. ಬೇರೆಯವರ ಜಾಹೀರಾತು, ಬೇರೆ ಸೈಟಿಗೆ ಕರೆದೊಯ್ಯುವ ಲಿಂಕ್, ಎಲ್ಲವೂ ಅದರಲ್ಲೇ ಬಂತು. ಎರಡನೇ ನೆಟ್‌ವರ್ಕ್ ನಿಮ್ಮ ಪುಟದಲ್ಲಿ ಏನು ತೋರಿಸುತ್ತದೋ ಅದನ್ನು ಗೂಗಲ್ ನಿಮ್ಮದೇ ಎಂದು ಲೆಕ್ಕ ಹಾಕುತ್ತದೆ. "ಅದು ಅವರು ಹಾಕಿದ್ದು, ನನಗೆ ಗೊತ್ತಿಲ್ಲ" ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಎರಡು ಮೂಲಗಳನ್ನು ಬೆರೆಸುವವರು ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ನಾನು ನೋಡಿದ ಒಂದು ಅಡುಗೆ ಸೈಟಿನಲ್ಲಿ ಹೀಗಾಯಿತು. ನಡೆಸುವವರು ಒಬ್ಬ ಗೃಹಿಣಿ, ತುಂಬಾ ಚೆನ್ನಾಗಿ ಬರೆಯುತ್ತಾರೆ. ಒಂದು ಸಣ್ಣ ನೆಟ್‌ವರ್ಕಿನವರು ಒಳ್ಳೆಯ ದುಡ್ಡಿನ ಆಸೆ ತೋರಿಸಿ ಒಂದು ಸಾಲು ಕೋಡ್ ಕೊಟ್ಟರು. ಅದನ್ನು ಇಡೀ ಸೈಟಿನ ಹೆಡರ್‌ನಲ್ಲಿ ಹಾಕಿದರು. ಅವರ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗೇ ಕಾಣುತ್ತಿತ್ತು. ಆದರೆ ಓದುಗರು ಫೋನಿನಲ್ಲಿ ಹೀರೇಕಾಯಿ ಬಜ್ಜಿಯ ಪುಟ ತೆರೆದು ಎಲ್ಲಿ ಮುಟ್ಟಿದರೂ ಹಿಂದುಗಡೆ ಇನ್ನೊಂದು ಟ್ಯಾಬ್ ತೆರೆದುಕೊಳ್ಳುತ್ತಿತ್ತು. ಅದರಲ್ಲಿ ಬೆಟ್ಟಿಂಗ್ ಆ್ಯಪ್. ಇಂಥ ಕೋಡ್ ಎಷ್ಟೋ ಸಲ ಒಬ್ಬ ಓದುಗರಿಗೆ ದಿನಕ್ಕೆ ಒಮ್ಮೆ ಮಾತ್ರ, ಅದೂ ಫೋನಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ಯಜಮಾನರ ಕಣ್ಣಿಗೆ ಬೀಳುವುದೇ ಇಲ್ಲ. ಆಡ್‌ಸೆನ್ಸ್‌ನಿಂದ ನಿಯಮ ಉಲ್ಲಂಘನೆಯ ಸಂದೇಶ ಬಂದ ಮೇಲೇ ಅವರಿಗೆ ವಿಷಯ ಗೊತ್ತಾಗಿದ್ದು.

ಇಲ್ಲಿ ಆಡ್‌ಸೆನ್ಸ್ ಖಾತೆಗಿಂತ ದೊಡ್ಡ ವಿಷಯವೂ ಇದೆ. ಬೆಟ್ಟಿಂಗ್ ಜಾಹೀರಾತು ಬೇಡ ಎಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2022ರಲ್ಲೇ ಡಿಜಿಟಲ್ ಸುದ್ದಿ ಸೈಟುಗಳಿಗೆ ಸೂಚನೆ ಕೊಟ್ಟಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಒಪ್ಪಿತು. ಹಣ ಕಟ್ಟಿ ಆಡುವ ಆಟಗಳ ಜಾಹೀರಾತಿಗೆ ಅದರಲ್ಲಿ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಅದಕ್ಕೇ ನಾನು ಹೊಸ ನೆಟ್‌ವರ್ಕಿನವರನ್ನು ಮೊದಲು ಕೇಳುವುದು ದರವನ್ನಲ್ಲ. ಬೆಟ್ಟಿಂಗ್, ವಯಸ್ಕರ ಜಾಹೀರಾತು, ಪಾಪ್‌ಅಂಡರ್ (ಹೀಗೆ ಹಿಂದುಗಡೆ ತೆರೆದುಕೊಳ್ಳುವ ಟ್ಯಾಬ್) ಇವನ್ನು ಪೂರ್ತಿ ಬಂದ್ ಮಾಡುವ ಆಯ್ಕೆ ನಮ್ಮ ಕೈಯಲ್ಲಿ ಇದೆಯಾ ಎಂದು ಕೇಳುತ್ತೇನೆ. ಬರಹದಲ್ಲಿ ಉತ್ತರ ಕೊಡದಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಇನ್ನು ಪ್ರಮಾಣದ ವಿಷಯ. ಎರಡು ನೆಟ್‌ವರ್ಕ್ ಬೆರೆಸಿದಾಗ ಯಾರೂ ಗಮನಿಸದ ಲೆಕ್ಕ ಇದು. ಕೊಯಲಿಷನ್ ಫಾರ್ ಬೆಟರ್ ಆಡ್ಸ್ ಎಂಬ ಒಕ್ಕೂಟ ಓದುಗರಿಗೆ ಕಿರಿಕಿರಿ ಮಾಡುವ ಜಾಹೀರಾತುಗಳ ಪಟ್ಟಿ ಮಾಡಿದೆ. ಫೋನಿನಲ್ಲಿ ಮುಖ್ಯ ಬರಹದ ಉದ್ದದಲ್ಲಿ ಶೇ 30ಕ್ಕಿಂತ ಹೆಚ್ಚು ಜಾಗವನ್ನು ಜಾಹೀರಾತು ತಿಂದರೆ ಅದೂ ಈ ಪಟ್ಟಿಗೆ ಸೇರುತ್ತದೆ.

ಒಂದು ಪಾಕವಿಧಾನದ ಪುಟ ಶೀರ್ಷಿಕೆಯಿಂದ ಕೊನೆಯ ಸಾಲಿನವರೆಗೆ 4,000 ಪಿಕ್ಸೆಲ್ ಉದ್ದ ಇದೆ ಅನ್ನಿ. ಗೂಗಲ್‌ನ ಮೂರು ಚೌಕ ಜಾಹೀರಾತು, ಒಂದೊಂದೂ 250 ಪಿಕ್ಸೆಲ್ ಎತ್ತರ. ಒಟ್ಟು 750, ಅಂದರೆ ಶೇ 19ರ ಒಳಗೆ. ಎರಡನೇ ನೆಟ್‌ವರ್ಕಿನ ಎರಡು ಜಾಹೀರಾತು, 500 ಪಿಕ್ಸೆಲ್, ಶೇ 12.5. ಎರಡೂ ಕಡೆಯವರನ್ನು ಕೇಳಿ ನೋಡಿ, ನಮ್ಮದು ಕಡಿಮೆಯೇ ಇದೆ ಅನ್ನುತ್ತಾರೆ. ಅದು ನಿಜವೂ ಹೌದು. ಆದರೆ ಕೂಡಿಸಿದರೆ 1,250. ಶೇ 31 ದಾಟಿತು! ನಾಲ್ಕೇ ಇದ್ದಿದ್ದರೆ ಶೇ 25ಕ್ಕೆ ನಿಲ್ಲುತ್ತಿತ್ತು. ಆ ಐದನೇ ಜಾಹೀರಾತಿನಿಂದ ಬರುವುದು ಚಿಲ್ಲರೆ ಕಾಸು, ಅಪಾಯಕ್ಕೆ ಬೀಳುವುದು ಪೂರ್ತಿ ಆದಾಯ. ಯಾಕೆಂದರೆ ಕ್ರೋಮ್ ಬ್ರೌಸರ್ 2019ರ ಜುಲೈನಿಂದ ಎಲ್ಲ ದೇಶಗಳಲ್ಲೂ ಈ ಮಾನದಂಡವನ್ನು ಜಾರಿ ಮಾಡಿದೆ. ಎಚ್ಚರಿಕೆ ಕೊಟ್ಟರೂ ಸರಿಮಾಡದ ಸೈಟಿನಲ್ಲಿ ಅದು ಎಲ್ಲ ಜಾಹೀರಾತನ್ನೂ ತಡೆಯುತ್ತದೆ. ಗೂಗಲ್‌ನ ಸ್ವಂತ ಜಾಹೀರಾತಿಗೂ ವಿನಾಯಿತಿ ಇಲ್ಲ. ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದ ಜೊತೆಗೇ ಸಿಗುವ ಆಡ್ ಎಕ್ಸ್‌ಪೀರಿಯನ್ಸ್ ವರದಿಯಲ್ಲಿ ನಿಮ್ಮ ಸೈಟಿನ ಸ್ಥಿತಿ ಕಾಣುತ್ತದೆ. ಆಗಾಗ ನೋಡುತ್ತಿರಿ.

ನೋಟದ ವಿಷಯದಲ್ಲೂ ಹುಷಾರಾಗಿರಬೇಕು. ನೀವೇ ಹಿಡಿದು ತಂದ ಟ್ಯೂಷನ್ ಸೆಂಟರಿನ ಜಾಹೀರಾತನ್ನು ಗೂಗಲ್ ಜಾಹೀರಾತಿನದೇ ಬಣ್ಣ, ಅದೇ ಅಕ್ಷರ, ಅದೇ ಚೌಕಟ್ಟಿನಲ್ಲಿ ಪಕ್ಕದಲ್ಲೇ ಕೂರಿಸಬೇಡಿ. ಯಾವುದು ಯಾರದ್ದು ಎಂದು ಓದುಗರಿಗೆ ಗೊಂದಲ ಆಗುವ ಹಾಗೆ ಇಡಬಾರದು ಎಂಬುದು ಆಡ್‌ಸೆನ್ಸ್ ನಿಯಮ. ಗೂಗಲ್ ಜಾಹೀರಾತಿನ ಮೇಲೆ 'ಇದನ್ನೂ ಓದಿ', 'ಇಂದಿನ ವಿಶೇಷ' ಎಂಬ ತಲೆಬರಹವೂ ಕೂಡದು. 'ಜಾಹೀರಾತು' ಎಂದಷ್ಟೇ ಬರೆಯಿರಿ. ದುಡ್ಡು ತೆಗೆದುಕೊಂಡು ಹಾಕಿದ ಲಿಂಕಿಗೆ 'ಸ್ಪಾನ್ಸರ್ಡ್' ಎಂಬ ಗುರುತನ್ನು ಕೋಡ್‌ನಲ್ಲೇ ಕೊಡಬಹುದು. ಗೂಗಲ್ ಸರ್ಚ್ 2019ರಿಂದ ಅದನ್ನು ಗುರುತಿಸುತ್ತದೆ. ಇಷ್ಟು ಮಾಡಿದರೆ ಊರಿನ ಅಂಗಡಿಗಳ ಜಾಹೀರಾತಿನಷ್ಟು ನೆಮ್ಮದಿಯದು ಇನ್ನೊಂದಿಲ್ಲ. ಏನು ಬರುತ್ತದೆ ಎಂದು ನಿಮಗೆ ಮೊದಲೇ ಗೊತ್ತು, ದುಡ್ಡು ನೇರವಾಗಿ ಕೈಗೆ ಬರುತ್ತದೆ. ಕನ್ನಡ ಸೈಟುಗಳು ಈ ದಾರಿಯನ್ನು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ ಎಂದು ನನಗೆ ತುಂಬಾ ಅನಿಸುತ್ತದೆ.

ಅಫಿಲಿಯೇಟ್ ಲಿಂಕ್, ಅಂದರೆ ಓದುಗರು ಅದರ ಮೂಲಕ ಕೊಂಡರೆ ನಿಮಗೆ ಕಮಿಷನ್ ಸಿಗುವ ಲಿಂಕ್, ಹಾಕುವವರಿಗೆ ಎರಡು ಮಾತು. ಅಮೆಜಾನ್ ಅಸೋಸಿಯೇಟ್ಸ್ ಎಂಬ ಅವರ ಅಫಿಲಿಯೇಟ್ ಯೋಜನೆಯಲ್ಲಿ ಕಮಿಷನ್ ಸಿಗುತ್ತದೆ ಎಂದು ಸೈಟಿನಲ್ಲಿ ಹೇಳಲೇಬೇಕು. ಮಿಕ್ಸಿಯ ಬೆಲೆಯನ್ನು ನೀವೇ ಕೈಯಾರೆ ಟೈಪ್ ಮಾಡಿ ಹಾಕುವ ಹಾಗಿಲ್ಲ. ಬೆಲೆ ಗಂಟೆಗೊಮ್ಮೆ ಬದಲಾಗಬಹುದು, ಅಲ್ವಾ? ಇನ್ನು ಜಾಹೀರಾತು ತಾನಾಗಿ ಬದಲಾಗುತ್ತಾ ಇರುವ ರಿಫ್ರೆಶ್ ಸೌಲಭ್ಯವನ್ನು ಕೆಲವು ನೆಟ್‌ವರ್ಕಿನವರು ಕೊಡುತ್ತಾರೆ. ಅದನ್ನು ಅವರ ಜಾಗಕ್ಕೆ ಮಾತ್ರ ಬಿಡಿ. ಆಡ್‌ಸೆನ್ಸ್ ಇದನ್ನು ಒಪ್ಪುವುದಿಲ್ಲ.

ಈಗ ಒಂದು ಸಣ್ಣ ಫೈಲಿನ ವಿಷಯಕ್ಕೆ ಬರೋಣ. ಆಡ್ಸ್ ಡಾಟ್ ಟಿಎಕ್ಸ್‌ಟಿ (ads.txt). ಡಿಜಿಟಲ್ ಜಾಹೀರಾತಿಗೆ ತಾಂತ್ರಿಕ ಮಾನದಂಡ ರೂಪಿಸುವ ಐಎಬಿ ಟೆಕ್ ಲ್ಯಾಬ್ 2017ರಲ್ಲಿ ಇದನ್ನು ತಂದಿತು. ನಿಮ್ಮ ಸೈಟಿನ ಹೆಸರಿನಲ್ಲಿ ಯಾರ್ಯಾರೋ ನಕಲಿ ಜಾಗ ಮಾರುವುದನ್ನು ತಡೆಯಲು ಬಂದದ್ದು. ಒಂದೊಂದು ಸಾಲಿನಲ್ಲಿ ನೆಟ್‌ವರ್ಕಿನ ಹೆಸರು, ಅಲ್ಲಿನ ಖಾತೆ ಸಂಖ್ಯೆ, ಆಮೇಲೆ 'ಡೈರೆಕ್ಟ್' ಅಥವಾ 'ರೀಸೆಲ್ಲರ್' ಎಂಬ ಪದ ಇರುತ್ತದೆ. ಡೈರೆಕ್ಟ್ ಅಂದರೆ ಆ ಖಾತೆ ನಿಮ್ಮದೇ. ರೀಸೆಲ್ಲರ್ ಅಂದರೆ ನಿಮ್ಮ ಜಾಗವನ್ನು ಮಾರಲು ನೀವು ಬೇರೆಯವರಿಗೆ ಒಪ್ಪಿಗೆ ಕೊಟ್ಟಿದ್ದೀರಿ.

ಹೊಸ ನೆಟ್‌ವರ್ಕಿಗೆ ಸೇರಿದಾಗ ಅವರು ನೂರಾರು ಸಾಲಿನ ಪಟ್ಟಿ ಕಳಿಸುತ್ತಾರೆ. ಅದನ್ನು ಹಳೆಯ ಸಾಲುಗಳ ಕೆಳಗೆ ಸೇರಿಸಬೇಕು. ತುಂಬಾ ಜನ ಹಳೆಯ ಫೈಲ್ ತೆಗೆದು ಹೊಸದನ್ನು ಇಟ್ಟುಬಿಡುತ್ತಾರೆ. ಗೂಗಲ್‌ನ ಸಾಲು ಅಲ್ಲಿಗೆ ಅಳಿಸಿಹೋಯಿತು. ಫೈಲ್ ಇದ್ದೂ ಅದರಲ್ಲಿ ಆಡ್‌ಸೆನ್ಸ್ ಹೆಸರಿಲ್ಲ ಅಂದರೆ ಜಾಹೀರಾತುದಾರರು ಆ ಜಾಗವನ್ನು ಕೊಳ್ಳುವುದಿಲ್ಲ. ಕೆಲವು ದಿನದಲ್ಲಿ ಆದಾಯ ದಢಕ್ಕನೆ ಇಳಿಯುತ್ತದೆ. ಜನ ಮಾತ್ರ ಹೊಸ ನೆಟ್‌ವರ್ಕಿನ ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ. ಆಡ್‌ಸೆನ್ಸ್ ಖಾತೆಯೊಳಗೆ ಈ ಬಗ್ಗೆ ಎಚ್ಚರಿಕೆ ಕಾಣುತ್ತದೆ, ಅದನ್ನು ಸುಮ್ನೆ ಮುಚ್ಚಿ ಮುಂದೆ ಹೋಗಬೇಡಿ.

ಹೊರದೇಶದ ಕನ್ನಡಿಗರು ನಿಮ್ಮ ಸೈಟ್ ಓದುತ್ತಿದ್ದರೆ ಇನ್ನೊಂದು ಕೆಲಸ ಇದೆ. ಬ್ರಿಟನ್ ಮತ್ತು ಯುರೋಪಿನ ಓದುಗರಿಗೆ ಜಾಹೀರಾತು ತೋರಿಸುವವರು ಗೂಗಲ್ ಮಾನ್ಯ ಮಾಡಿದ ಅನುಮತಿ ಪೆಟ್ಟಿಗೆಯನ್ನು (ಓದುಗರ ಮಾಹಿತಿ ಬಳಸಲು ಒಪ್ಪಿಗೆ ಕೇಳುವ ಪೆಟ್ಟಿಗೆ) ಬಳಸಬೇಕು ಎಂಬ ನಿಯಮ 2024ರ ಜನವರಿಯಿಂದ ಇದೆ. ಎರಡು ನೆಟ್‌ವರ್ಕ್ ಇದ್ದಾಗ ಎರಡು ಪೆಟ್ಟಿಗೆ ತೆರೆದುಕೊಂಡು ಓದುಗರು ಓಡಿಹೋಗುವುದನ್ನು ನೋಡಿದ್ದೇನೆ. ಒಂದೇ ಪೆಟ್ಟಿಗೆ ಇಟ್ಟು ಅದರ ಪಟ್ಟಿಯಲ್ಲಿ ಇಬ್ಬರ ಹೆಸರನ್ನೂ ಸೇರಿಸಿ.

ತಮ್ಮ ಜೊತೆ ಇನ್ನೊಂದು ನೆಟ್‌ವರ್ಕಿಗೆ ಜಾಗ ಕೊಡಲು ಬಿಡದ ಕಂಪನಿಗಳೂ ಇವೆ. ಸೈಟುಗಳ ಜಾಹೀರಾತು ನೋಡಿಕೊಳ್ಳುವ ಮೀಡಿಯಾವೈನ್‌ನಂಥವರು ಪುಟದ ಬ್ಯಾನರ್ ಜಾಹೀರಾತು ಪೂರ್ತಿ ತಮ್ಮ ಕೈಯಲ್ಲೇ ಇರಬೇಕು ಅನ್ನುತ್ತಾರೆ. ಅಫಿಲಿಯೇಟ್ ಲಿಂಕಿಗೆ ಅಡ್ಡಿ ಇಲ್ಲ. ಬರಹದ ಕೊನೆಯಲ್ಲಿ ಶಿಫಾರಸು ಪೆಟ್ಟಿಗೆ ಹಾಕುವವರ ಒಪ್ಪಂದದಲ್ಲೂ ಇಂಥ ಷರತ್ತು ಇರುವುದುಂಟು. ಸಹಿ ಹಾಕುವ ಮುಂಚೆ ಎರಡು ಸಾಲು ಹುಡುಕಿ ಓದಿ: ಬೇರೆಯವರಿಗೆ ಜಾಗ ಕೊಡಬಹುದಾ, ಬಿಟ್ಟು ಹೊರಡಬೇಕಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು. ಹೊರಟ ಮೇಲೆ ಹೆಡರ್‌ನಲ್ಲಿರುವ ಅವರ ಕೋಡ್ ತೆಗೆಯಿರಿ, ಆಡ್ಸ್ ಡಾಟ್ ಟಿಎಕ್ಸ್‌ಟಿಯಲ್ಲಿ ಅವರು ಕೊಟ್ಟಿದ್ದ ಸಾಲುಗಳನ್ನೂ ಅಳಿಸಿ. ಆ ಸಾಲುಗಳು ಇರುವ ತನಕ ನಿಮ್ಮ ಸೈಟಿನ ಹೆಸರಿನಲ್ಲಿ ಜಾಗ ಮಾರಲು ಅವರಿಗೆ ನಿಮ್ಮ ಒಪ್ಪಿಗೆ ಇದೆ ಎಂದೇ ಅರ್ಥ.