ನಲವತ್ತು ನಿಮಿಷಕ್ಕೆ ಮುಗಿಯುವ ಸೀಸನ್: ಮೈಸೂರಿನ ಕಾಲೇಜು ಬ್ಯಾಸ್ಕೆಟ್‌ಬಾಲ್ ಇಲ್ಲಿಗೆ ಬಂದದ್ದು ಹೇಗೆ?

ಮಳೆ ಕಡಿಮೆಯಾಗುವ ಹೊತ್ತಿಗೆ ಮೈಸೂರು, ಮಂಡ್ಯದ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಅಂಗಳಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ಸಲ ಟೂರ್ನಮೆಂಟ್ ಯಾವಾಗ, ಎಲ್ಲಿ, ಯಾರ ಮೇಲೆ? ಉತ್ತರ ಕಾಲೇಜಿಗೊಂದು. ಬಿ.ಎ, ಬಿ.ಕಾಂ ಹುಡುಗರಿಗೆ ಮೈಸೂರು ವಿಶ್ವವಿದ್ಯಾಲಯದ ಸುತ್ತೋಲೆ ಬರಬೇಕು. ಎಂಜಿನಿಯರಿಂಗ್‌ನವರ ಕ್ಯಾಲೆಂಡರ್ ಬೆಳಗಾವಿಯಿಂದ ಬರುತ್ತದೆ, ಮೆಡಿಕಲ್‌ನವರದು ಬೆಂಗಳೂರಿನಿಂದ, ಕಾನೂನು ಓದುವವರದು ಹುಬ್ಬಳ್ಳಿಯಿಂದ. ಮಂಡ್ಯದ ಪದವಿ ವಿದ್ಯಾರ್ಥಿಗಳಿಗೆ ತಮ್ಮ ವಿಶ್ವವಿದ್ಯಾಲಯ ಇನ್ನೆಷ್ಟು ವರ್ಷ ಇರುತ್ತದೆ ಎಂಬುದೇ ಅನುಮಾನ. ಬೆಳಗಿನ ಆರು ಗಂಟೆಗೆ ಒಂದೇ ಅಂಗಳದಲ್ಲಿ ಒಟ್ಟಿಗೆ ಬೆವರು ಹರಿಸುವ ಹುಡುಗರು, ಕಾಲೇಜಿನ ಜೆರ್ಸಿ ತೊಟ್ಟು ಅಧಿಕೃತ ಪಂದ್ಯದಲ್ಲಿ ಒಮ್ಮೆಯೂ ಎದುರುಬದುರಾಗದೆ ಪದವಿ ಮುಗಿಸಿಕೊಂಡು ಹೋಗುತ್ತಾರೆ.

ಇದು ಒಂದೇ ದಿನದಲ್ಲಿ ಆದದ್ದಲ್ಲ.

1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ 13 ನಿಯಮ ಬರೆದು ಶುರುಮಾಡಿದ ಆಟ ವೈಎಂಸಿಎ ಸಂಸ್ಥೆಗಳ ಮೂಲಕ ನಮ್ಮ ದೇಶಕ್ಕೆ ಬಂತು. 1920ರಲ್ಲಿ ಹ್ಯಾರಿ ಬಕ್ ಮದ್ರಾಸಿನಲ್ಲಿ ಕಟ್ಟಿದ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ತರಬೇತಾದವರು ದಕ್ಷಿಣದ ಶಾಲೆ ಕಾಲೇಜುಗಳಿಗೆ ಮೇಷ್ಟ್ರಾಗಿ ಹೋದರು. 1934ರಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು, 1950ರಲ್ಲಿ ಆಟದ ರಾಷ್ಟ್ರೀಯ ಫೆಡರೇಷನ್ ಹುಟ್ಟಿತು, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಭಾರತದ ಪುರುಷರ ತಂಡ ಆಡಿತು. ಒಲಿಂಪಿಕ್ಸ್ ಮಟ್ಟಿಗೆ ಅದೇ ಮೊದಲು, ಇಲ್ಲಿಯವರೆಗೆ ಅದೇ ಕೊನೆ.

ಮೈಸೂರಿನ ಕತೆಗೆ ಬೇಕಾದ ಇಸವಿ 1916. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಇಡೀ ಸಂಸ್ಥಾನಕ್ಕೆ ಅದೊಂದೇ. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬೇರೆಯಾದವು. ಆ ವಿಭಜನೆಗಳೆಲ್ಲ ಊರಿನ ಲೆಕ್ಕದಲ್ಲಿ ನಡೆದವು. ಬೆಂಗಳೂರಿನ ಕಾಲೇಜುಗಳು ಹೋದವು, ಕರಾವಳಿಯವು ಹೋದವು, ಮಲೆನಾಡಿನವು ಹೋದವು. ಆದರೆ ಮೈಸೂರಿನ ಒಳಗೆ, ಮೈಸೂರು–ಮಂಡ್ಯದ ನಡುವೆ ಎಲ್ಲರೂ ಒಂದೇ ಸೂರಿನಡಿ ಉಳಿದಿದ್ದರು. ಮಹಾರಾಜ ಕಾಲೇಜು, ಯುವರಾಜ ಕಾಲೇಜು, 1924ರಲ್ಲಿ ಶುರುವಾದ ಮೆಡಿಕಲ್ ಕಾಲೇಜು, 1946ರ ಎನ್‌ಐಇ ಎಂಜಿನಿಯರಿಂಗ್ ಕಾಲೇಜು, ಕೆ.ವಿ. ಶಂಕರಗೌಡರ ಮುತುವರ್ಜಿಯಿಂದ 1962ರಲ್ಲಿ ಮಂಡ್ಯದಲ್ಲಿ ಎದ್ದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು, ಮರುವರ್ಷ ಮೈಸೂರಿನಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು ಎಸ್‌ಜೆಸಿಇ, ಇವೆಲ್ಲ ಒಂದೇ ವಿಶ್ವವಿದ್ಯಾಲಯದ ಕಾಲೇಜುಗಳು. ಅಂತರ ಕಾಲೇಜು ಪಂದ್ಯಾವಳಿಯ ಒಂದೇ ಡ್ರಾದಲ್ಲಿ ಡಾಕ್ಟರಾಗುವವನೂ ಎಂಜಿನಿಯರಾಗುವವನೂ ಇತಿಹಾಸ ಓದುವವನೂ ಎದುರಾಗಬಹುದಿತ್ತು. ಅದರಲ್ಲಿ ಚೆನ್ನಾಗಿ ಆಡಿದವರನ್ನು ಸೆಲೆಕ್ಷನ್ ಟ್ರಯಲ್ಸ್‌ಗೆ ಕರೆದು ಹನ್ನೆರಡು ಜನರ ವಿಶ್ವವಿದ್ಯಾಲಯ ತಂಡ ಮಾಡುತ್ತಿದ್ದರು. ನಿನ್ನೆ ಮೊಣಕೈ ತಾಗಿಸಿ, ಬುಟ್ಟಿಗೆ ಬೀಳದೆ ಪುಟಿದ ಬಾಲ್ ಕಿತ್ತುಕೊಂಡವನ ಪಕ್ಕದಲ್ಲೇ ನಾಳೆ ರೈಲಿನ ಬರ್ತಿನಲ್ಲಿ ಮಲಗಿ ದಕ್ಷಿಣದ ವಿಶ್ವವಿದ್ಯಾಲಯಗಳು ಸೆಣಸುವ ದಕ್ಷಿಣ ವಲಯ ಪಂದ್ಯಾವಳಿಗೆ ಹೋಗಬೇಕು.

ಎಲ್ಲ ಚೆನ್ನಾಗಿತ್ತು ಎಂದು ಹೇಳುತ್ತಿಲ್ಲ. ಆಗಲೂ ಅಂಗಳಗಳು ಸಿಮೆಂಟಿನವೇ, ಬೂಟು ಆರು ತಿಂಗಳಿಗೆ ಸವೆಯುತ್ತಿತ್ತು. ಹಳ್ಳಿಯ ಕಾಲೇಜುಗಳಲ್ಲಿ ರಿಂಗ್ ಇದ್ದರೆ ಬೋರ್ಡ್ ಇರುತ್ತಿರಲಿಲ್ಲ. ಆದರೆ ಆಟಗಾರನಿಗೆ ಎದುರಾಳಿ ಯಾರು ಎಂಬುದು ಗೊತ್ತಿತ್ತು. ವಾರ್ಷಿಕ ಪರೀಕ್ಷೆಯ ಕಾಲ ಅದು. ಜುಲೈನಿಂದ ಡಿಸೆಂಬರ್‌ವರೆಗೆ ಆಡಿ, ಆಮೇಲೆ ಓದಲು ಕೂರಬಹುದಿತ್ತು. ಸೀಸನ್ ಎಂದು ಕರೆಯಬಹುದಾದ ಒಂದು ಕಾಲಾವಧಿ ತಾನಾಗಿಯೇ ಸಿಗುತ್ತಿತ್ತು.

ಬಿರುಕು ಬಿಟ್ಟದ್ದು 1990ರ ದಶಕದಲ್ಲಿ. 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬಂದವು. ಈ ಸಲ ವಿಭಜನೆ ನಡೆದದ್ದು ಊರಿನ ಲೆಕ್ಕದಲ್ಲಲ್ಲ, ಓದುವ ವಿಷಯದ ಲೆಕ್ಕದಲ್ಲಿ. ಪಠ್ಯಕ್ರಮ, ಪರೀಕ್ಷೆ, ಗುಣಮಟ್ಟದ ದೃಷ್ಟಿಯಿಂದ ಅದಕ್ಕೆ ಬಲವಾದ ಕಾರಣಗಳಿದ್ದವು. ರಾಜ್ಯದ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಪಠ್ಯ ಇರಲಿ ಎಂಬುದು ತಪ್ಪು ಯೋಚನೆಯಲ್ಲ. ಆ ಮೇಜಿನ ಸುತ್ತ ಕೂತವರಲ್ಲಿ ಯಾರ ಮನಸ್ಸಿನಲ್ಲೂ ಬ್ಯಾಸ್ಕೆಟ್‌ಬಾಲ್ ಇದ್ದಿರಲಾರದು, ಇರಬೇಕಾಗಿಯೂ ಇರಲಿಲ್ಲ. ಆದರೆ ಆಟದ ಅಂಗಳದಲ್ಲಿ ಅದರ ಪರಿಣಾಮ ಅವಿಭಕ್ತ ಕುಟುಂಬ ಪಾಲಾದ ಹಾಗಾಯಿತು. ಮೈಸೂರು ವಿಶ್ವವಿದ್ಯಾಲಯದ ತಂಡ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರನ್ನು ಒಂದೇ ಏಟಿಗೆ ಕಳೆದುಕೊಂಡಿತು. ಪಟ್ಟಣದ ಶಾಲೆಗಳಲ್ಲಿ ಎಂಟನೇ ತರಗತಿಯಿಂದ ಬಾಲ್ ಹಿಡಿದ ಎಷ್ಟೋ ಹುಡುಗರು ಪಿಯುಸಿ ಸೈನ್ಸ್ ಮುಗಿಸಿ ಹೋಗುತ್ತಿದ್ದದ್ದು ಅಲ್ಲಿಗೇ.

ಅತ್ತ ಎಂಜಿನಿಯರಿಂಗ್ ಹುಡುಗರಿಗೆ ಸಿಕ್ಕಿದ್ದೇನು? ಮೊದಲು ವಿಟಿಯುವಿನ ಒಳಗಿನ ವಲಯ ಮಟ್ಟದ ಪಂದ್ಯ, ಗೆದ್ದರೆ ಅಂತರ ವಲಯ, ಅಲ್ಲಿ ಮಿಂಚಿದರೆ ಇಡೀ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಂದ ಹನ್ನೆರಡು ಜನರನ್ನು ಆರಿಸುವ ಟ್ರಯಲ್ಸ್. ಸ್ಪರ್ಧೆ ದೊಡ್ಡದಾಯಿತು. ಅದು ಒಳ್ಳೆಯದೇ. ಆದರೆ ಆ ದಾರಿಯ ಮೊದಲ ಮೆಟ್ಟಿಲು ನಾಕೌಟ್, ಅಂದರೆ ಒಂದು ಪಂದ್ಯ ಸೋತರೆ ಹೊರಗೆ.

ಈ ನಾಕೌಟ್ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಬ್ಯಾಸ್ಕೆಟ್‌ಬಾಲ್ ಪಂದ್ಯ ಎಂದರೆ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು ನಲವತ್ತು ನಿಮಿಷ. ಮೂರ್ನಾಲ್ಕು ಡಜನ್ ಕಾಲೇಜುಗಳನ್ನು ಎರಡು ಮೂರು ದಿನದಲ್ಲಿ ಆಡಿಸಿ ಮುಗಿಸಬೇಕಾದರೆ ನಾಕೌಟ್ ಬಿಟ್ಟರೆ ಸಂಘಟಕರಿಗೆ ಬೇರೆ ದಾರಿ ಇಲ್ಲ. ಎಲ್ಲರಿಗೂ ಊಟ, ವಸತಿ, ರೆಫರಿಗಳ ಸಂಭಾವನೆ ಎಲ್ಲವನ್ನೂ ಆತಿಥೇಯ ಕಾಲೇಜೇ ನೋಡಿಕೊಳ್ಳಬೇಕು. ಆದರೆ ನಾಕೌಟ್‌ನ ಲೆಕ್ಕ ಕ್ರೂರ. ಮೊದಲ ಸುತ್ತಿನಲ್ಲಿ ಅರ್ಧದಷ್ಟು ತಂಡಗಳು ಒಂದೇ ಪಂದ್ಯಕ್ಕೆ ಮನೆಗೆ. ಅವುಗಳಿಗೆ ಆ ವರ್ಷದ ಸೀಸನ್ ಎಂದರೆ ಅದೇ ನಲವತ್ತು ನಿಮಿಷ. ತಂಡದಲ್ಲಿರುವ ಹನ್ನೆರಡು ಜನರಲ್ಲಿ ಏಳೆಂಟು ಮಂದಿ ಅಂಗಳಕ್ಕಿಳಿದರೆ ಹೆಚ್ಚು. ಮೊದಲ ವರ್ಷದ ಹುಡುಗ ಬೆಂಚಿನಲ್ಲಿ ಟವೆಲ್ ಹಿಡಿದು ಕೂತು, ಟ್ರ್ಯಾಕ್ ಸೂಟ್ ಬಿಚ್ಚದೆಯೇ ವಾಪಸ್ ಬಸ್ ಹತ್ತುತ್ತಾನೆ.

ಒಂದು ಮೊದಲ ಸುತ್ತಿನ ಪಂದ್ಯವನ್ನು ಹತ್ತಿರದಿಂದ ನೋಡಿದವರಿಗೆ ಇದು ಅರ್ಥವಾಗುತ್ತದೆ. ರಾತ್ರಿ ಮಳೆ ಬಿದ್ದಿರುತ್ತದೆ. ಪಂದ್ಯಕ್ಕೆ ಮುಂಚೆ ಎರಡೂ ತಂಡದ ಹುಡುಗರು ಗೋಣಿಚೀಲ ಹಾಸಿ, ಪೊರಕೆ ಹಿಡಿದು ಸಿಮೆಂಟ್ ಅಂಗಳದ ನೀರು ತಳ್ಳುತ್ತಾರೆ. ಅಂಗಳದಲ್ಲಿ ಎರಡು ಕಾಲದ ಗೆರೆಗಳಿರುತ್ತವೆ. 2010ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ನಿಯಮ ಬದಲಾಗಿ ಬುಟ್ಟಿಯ ಕೆಳಗಿನ ಜಾಗ ಆಯತವಾಯಿತು, ಮೂರು ಅಂಕದ ಗೆರೆ 6.25 ಮೀಟರಿನಿಂದ 6.75 ಮೀಟರಿಗೆ ಹಿಂದೆ ಸರಿಯಿತು. ಆದರೆ ಹೊಸ ಬಿಳಿ ಬಣ್ಣದ ಅಡಿಯಿಂದ ಹಳೆಯ ಗೆರೆಗಳು ಇಣುಕುತ್ತಿರುತ್ತವೆ. ಗಾಬರಿಯಲ್ಲಿರುವ ಹುಡುಗ ಮೂರು ಅಂಕದ ಹಳೆಯ ಗೆರೆ ನೋಡಿಕೊಂಡು ಜಿಗಿದು ಎಸೆಯುತ್ತಾನೆ, ರೆಫರಿ ಎರಡೇ ಅಂಕ ಎಂದು ಎರಡು ಬೆರಳು ತೋರಿಸುತ್ತಾರೆ. ಬಾಲ್ ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು. ಆ ಸೆಕೆಂಡು ತೋರಿಸುವ ಶಾಟ್ ಕ್ಲಾಕ್ ಫಲಕ ಇಲ್ಲದ ಕಡೆ ಮೇಜಿನ ಬಳಿ ಸ್ಟಾಪ್‌ವಾಚ್ ಹಿಡಿದವನು ಕೊನೆಯ ಸೆಕೆಂಡುಗಳನ್ನು ಕೂಗುತ್ತಾನೆ. ಆ ಕೂಗಿಗೆ ಅಭ್ಯಾಸವಿಲ್ಲದ ತಂಡ ಕೈಗೆ ಬಂದಂತೆ ಬಾಲ್ ಎಸೆದುಬಿಡುತ್ತದೆ. ಅಭ್ಯಾಸ ಎಲ್ಲಿಂದ ಬರಬೇಕು? ಅದು ಅವರ ವರ್ಷದ ಮೊದಲ ಪಂದ್ಯ. ಸೋತರೆ ಕೊನೆಯದೂ ಅದೇ.

ಸೆಮಿಸ್ಟರ್ ಪದ್ಧತಿ ಈ ಇಕ್ಕಟ್ಟನ್ನು ಇನ್ನಷ್ಟು ಬಿಗಿ ಮಾಡಿತು. ವರ್ಷಕ್ಕೆ ಎರಡು ಪರೀಕ್ಷೆ, ನಡುನಡುವೆ ಇಂಟರ್ನಲ್ ಟೆಸ್ಟ್, ಕೆಲವೆಡೆ ಶೇ 75, ಎಂಜಿನಿಯರಿಂಗ್‌ನಲ್ಲಿ ಶೇ 85ರ ಹಾಜರಾತಿ. ಪಂದ್ಯದ ದಿನ ಟೆಸ್ಟ್ ಬಿದ್ದರೆ ತಂಡ ಆಡದೆಯೇ ಪಂದ್ಯ ಬಿಟ್ಟುಕೊಡುತ್ತದೆ. ದೈಹಿಕ ಶಿಕ್ಷಣದ ಪಿ.ಡಿ. ಸರ್ ಹಾಜರಾತಿಗಾಗಿ ಬರೆದುಕೊಟ್ಟ ಓಡಿ (ಆನ್ ಡ್ಯೂಟಿ) ಪತ್ರ ಹಿಡಿದು ವಿಭಾಗದ ಮುಖ್ಯಸ್ಥರ ಬಾಗಿಲಲ್ಲಿ ಕಾಯುವುದೂ ಕಾಲೇಜು ಆಟಗಾರನ ಬದುಕಿನ ಭಾಗವಾಗಿಬಿಟ್ಟಿದೆ. ಕೊರೊನಾ ಬಂದಾಗ ಕ್ಯಾಲೆಂಡರ್‌ಗಳೆಲ್ಲ ದಿಕ್ಕಿಗೊಂದಾದವು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಬಂತು, 2024ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ತರಗತಿ ಶುರುವಾಗುವ ತಿಂಗಳೇ ಸರಿಯಾಗಿ ನಿಲ್ಲದಿದ್ದಾಗ ಆಟದ ತಿಂಗಳು ಎಲ್ಲಿ ನಿಲ್ಲಬೇಕು?

ಅಷ್ಟರಲ್ಲಿ ವಿಭಜನೆಯೂ ಮುಂದುವರಿದಿತ್ತು. 2009ರಲ್ಲಿ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಹೊಸ ಕಾನೂನು ವಿಶ್ವವಿದ್ಯಾಲಯದ ಪಾಲಾದವು. 2016ರಲ್ಲಿ ಎಸ್‌ಜೆಸಿಇ ಜೆಎಸ್‌ಎಸ್ ವಿಜ್ಞಾನ ಮತ್ತು ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಈ ಒಂದು ಕಾಲೇಜಿನ ದಾರಿ ನೋಡಿದರೆ ಇಡೀ ಗೋಜಲು ಕಣ್ಣಿಗೆ ಕಟ್ಟುತ್ತದೆ. 1963ರಿಂದ ಮೈಸೂರು ವಿವಿ, 1998ರಿಂದ ವಿಟಿಯು, 2016ರಿಂದ ತನ್ನದೇ ವಿವಿ. ಮೈಸೂರು ವಿವಿಯ ಆವರಣವಾದ ಮಾನಸಗಂಗೋತ್ರಿಯ ಪಕ್ಕದಲ್ಲೇ ಅದರ ಆವರಣ. ಆಟದ ಲೆಕ್ಕದಲ್ಲಿ ಇಬ್ಬರೂ ಈಗ ಬೇರೆ ಬೇರೆ ವಿಶ್ವವಿದ್ಯಾಲಯ, ಭೇಟಿಯಾದರೆ ದಕ್ಷಿಣ ವಲಯದಲ್ಲೇ ಆಗಬೇಕು, ಅದು ಯಾವ ರಾಜ್ಯದಲ್ಲಿ ನಡೆಯುತ್ತದೋ ಅಲ್ಲಿ. ಒಂದೇ ಆವರಣದ ವಿಶ್ವವಿದ್ಯಾಲಯಕ್ಕೆ ಇದರಲ್ಲಿ ಒಂದು ಲಾಭ ಇದೆ. ಟ್ರಯಲ್ಸ್‌ನ ಜಂಜಾಟವಿಲ್ಲದೆ ಸೀದಾ ವಲಯ ಪಂದ್ಯಾವಳಿಗೆ ಹೋಗಬಹುದು. ನಷ್ಟವೂ ಅಲ್ಲೇ. ಹೋಗುವ ಮುಂಚೆ ಒಂದೂ ಗಟ್ಟಿ ಪಂದ್ಯ ಸಿಕ್ಕಿರುವುದಿಲ್ಲ.

ಮಂಡ್ಯದ್ದು ಇನ್ನೂ ತೊಡಕು. ಅಲ್ಲಿನ ಸರ್ಕಾರಿ ಕಾಲೇಜು 2019ರಲ್ಲಿ ಏಕೀಕೃತ ವಿಶ್ವವಿದ್ಯಾಲಯವಾಯಿತು, ಆಮೇಲೆ ಜಿಲ್ಲೆಯ ಪದವಿ ಕಾಲೇಜುಗಳೂ ಅದರ ಅಡಿಗೆ ಬಂದವು. ಹಾಸನ, ಕೊಡಗು, ಚಾಮರಾಜನಗರಕ್ಕೂ ಒಂದೊಂದು ಹೊಸ ವಿವಿ ಸಿಕ್ಕಿತು. 2025ರಲ್ಲಿ ಈ ಹೊಸ ವಿವಿಗಳನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಎದ್ದು, ಮಂಡ್ಯವನ್ನು ಮತ್ತೆ ಮೈಸೂರಿಗೆ ಸೇರಿಸುವ ಮಾತೂ ಬಂತು. ಮಳವಳ್ಳಿಯ ಪದವಿ ಕಾಲೇಜಿನ ಒಬ್ಬ ಪಾಯಿಂಟ್ ಗಾರ್ಡ್‌ನನ್ನು, ಅಂದರೆ ತಂಡದ ಆಟ ನಡೆಸುವ ಹುಡುಗನನ್ನು, ಊಹಿಸಿಕೊಳ್ಳಿ. ಅವನ ಸೀನಿಯರ್ ಮೈಸೂರಿನ ಜೆರ್ಸಿಗೆ ಆಸೆಪಟ್ಟಿದ್ದ, ಇವನು ಮಂಡ್ಯದ ಜೆರ್ಸಿಗೆ, ಇವನ ಜೂನಿಯರ್‌ನದು ಯಾವುದೆಂದು ಯಾರಿಗೂ ಗೊತ್ತಿಲ್ಲ.

ಮೇಲಿನ ಮಟ್ಟದಲ್ಲಿ ಮಾತ್ರ ದಾರಿ ಸ್ಪಷ್ಟವಾಗಿದೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ವಲಯವಾರು ಪಂದ್ಯಾವಳಿ ನಡೆಸುತ್ತದೆ, ಮೊದಲ ನಾಲ್ಕು ತಂಡ ಅಖಿಲ ಭಾರತ ಮಟ್ಟಕ್ಕೆ, ಅಲ್ಲಿಂದ ಅಗ್ರ ತಂಡಗಳು 2020ರಲ್ಲಿ ಭುವನೇಶ್ವರದಲ್ಲಿ ಶುರುವಾದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ. ಎರಡನೇ ಕೂಟ 2022ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಆದರೆ ದಕ್ಷಿಣ ವಲಯದಲ್ಲಿ ಎದುರಾಗುವುದು ಚೆನ್ನೈನ ತಂಡಗಳು. ಮದ್ರಾಸ್ ವಿವಿ, ಎಸ್‌ಆರ್‌ಎಂ ತಂಡಗಳ ಹುಡುಗರು ವರ್ಷವಿಡೀ ಕ್ಲಬ್ ಟೂರ್ನಿಗಳಲ್ಲಿ ಪಳಗಿದವರು. ಸಿಮೆಂಟಿನ ಮೇಲೆ ರಬ್ಬರ್ ಬಾಲ್‌ನಲ್ಲಿ ಅಭ್ಯಾಸ ಮಾಡಿದ ನಮ್ಮ ಹುಡುಗ ಅಲ್ಲಿ ಮರದ ಅಂಗಳದ ಮೇಲೆ ಲೆದರ್ ಬಾಲ್ ಮುಟ್ಟುವುದೇ ಮೊದಲ ಸಲ. ಪ್ರತಿಭೆ ಕಡಿಮೆ ಎಂದು ಷರಾ ಬರೆಯುವ ಮುಂಚೆ ಈ ವ್ಯತ್ಯಾಸ ನೋಡಬೇಕು. ಹುಡುಗರು ಸೋಲುತ್ತಿರುವುದು ಎತ್ತರದಿಂದಲ್ಲ, ಆಡಿದ ಪಂದ್ಯಗಳ ಸಂಖ್ಯೆಯಿಂದ.

ನಮ್ಮ ಹುಡುಗರು ಮಾರ್ಚ್ ತಿಂಗಳಲ್ಲಿ ಮೊಬೈಲ್‌ನಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುತ್ತಾರೆ. ಅಲ್ಲಿಯೂ ಕೊನೆಗೆ ಬರುವುದು ನಾಕೌಟೇ. 1939ರಲ್ಲಿ ಎಂಟು ತಂಡದಿಂದ ಶುರುವಾದ ಆ ಪಂದ್ಯಾವಳಿಯಲ್ಲಿ ಈಚಿನ ವರ್ಷಗಳಲ್ಲಿ 68 ತಂಡಗಳು ಆಡಿವೆ. ಆದರೆ ಅದಕ್ಕೆ ಮುಂಚೆ ನವೆಂಬರ್‌ನಿಂದ ಪ್ರತಿ ತಂಡವೂ ಸುಮಾರು ಮೂವತ್ತು ಪಂದ್ಯ ಆಡಿರುತ್ತದೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತನ್ನ ಕಾನ್ಫರೆನ್ಸ್ ಎಂಬ ಗುಂಪಿನ ಕಾಲೇಜುಗಳ ಜೊತೆ, ಕೆಲವು ಅವರ ಊರಲ್ಲಿ, ಕೆಲವು ತನ್ನ ಊರಲ್ಲಿ. ದುಡ್ಡಿನಲ್ಲಿ ಅವರನ್ನು ಹೋಲುವ ಮಾತೇ ಇಲ್ಲ. ಆದರೆ ಪಕ್ಕದ ಕಾಲೇಜಿನ ಜೊತೆ ಆಡಲು ಕೋಟಿ ಬೇಕಿಲ್ಲ.

ಇಲ್ಲಿ ಪಕ್ಕದ ಕಾಲೇಜು ನಿಜಕ್ಕೂ ಪಕ್ಕದಲ್ಲೇ ಇದೆ. ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿಲೋಮೀಟರ್. 2023ರಲ್ಲಿ ದಶಪಥ ಉದ್ಘಾಟನೆಯಾದ ಮೇಲೆ ಮುಕ್ಕಾಲು ಗಂಟೆ ಸಾಕು, ರೈಲಂತೂ ಇದ್ದೇ ಇದೆ. ದಸರಾ ಕ್ರೀಡಾಕೂಟ ಇದೆಯಲ್ಲ ಎನ್ನುವವರಿದ್ದಾರೆ. ಅಲ್ಲಿ ಹುಡುಗ ಆಡುವುದು ತನ್ನ ಕಾಲೇಜಿಗಲ್ಲ. ಕಾಲೇಜಿನ ಹೆಸರು ಎದೆಯ ಮೇಲಿದ್ದಾಗ, ಕ್ಲಾಸ್‌ಮೇಟ್‌ಗಳು ಸುತ್ತ ನಿಂತು ಕೂಗುವಾಗ ಬರುವ ಆಟವೇ ಬೇರೆ. (ಮಹಿಳಾ ತಂಡಗಳ ಸ್ಥಿತಿ ಇದಕ್ಕಿಂತ ಬೇರೆ, ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.)

ಸೌಹಾರ್ದ ಲೀಗ್ ನಡೆಸಲು ಆಟಗಾರ ಯಾವ ವಿಶ್ವವಿದ್ಯಾಲಯದವನು ಎಂಬುದು ಅಡ್ಡಿಯಾಗಬೇಕಿಲ್ಲ. ಲೆಕ್ಕವೂ ದೊಡ್ಡದಲ್ಲ. ಎರಡು ಊರಿನಿಂದ ಎಂಟು ಕಾಲೇಜು ಸೇರಿ, ಪ್ರತಿಯೊಂದೂ ಉಳಿದ ಏಳರ ಜೊತೆ ಒಮ್ಮೊಮ್ಮೆ ಆಡಿದರೆ ಒಟ್ಟು 28 ಪಂದ್ಯ. ಶನಿವಾರ ಮಧ್ಯಾಹ್ನ ಎರಡು ಅಂಗಳದಲ್ಲಿ ಎರಡೆರಡು ಪಂದ್ಯ ಇಟ್ಟುಕೊಂಡರೆ ಏಳು ಶನಿವಾರ. ಬೇಕಾಗುವುದು ನಾಲ್ಕಾರು ರೆಫರಿ, ಸ್ಕೋರ್ ಶೀಟ್, ಎರಡು ಒಳ್ಳೆಯ ಬಾಲ್, ಮಳೆ ಬಂದರೆ ಒಂದು ಒಳಾಂಗಣ, ಮತ್ತು ಎಂಟು ಪಿ.ಡಿ.ಗಳು ಒಮ್ಮೆ ಒಂದು ಕೋಣೆಯಲ್ಲಿ ಕೂತು ತಮ್ಮ ತಮ್ಮ ಟೆಸ್ಟ್ ದಿನಾಂಕಗಳನ್ನು ಮೇಜಿನ ಮೇಲಿಡುವುದು. ಆಗಸ್ಟ್ ಮೊದಲ ಶನಿವಾರ ಶುರುವಾದರೆ ಸೆಪ್ಟೆಂಬರ್ ಮೂರನೇ ವಾರದೊಳಗೆ ಮುಗಿಯುತ್ತದೆ. ಆಮೇಲೆ ಬೆಳಗಾವಿಯದೋ ಬೆಂಗಳೂರಿನದೋ ಮಾನಸಗಂಗೋತ್ರಿಯದೋ ಸುತ್ತೋಲೆ ಯಾವಾಗ ಬಂದರೂ, ಬೆಂಚಿನ ಕೊನೆಯಲ್ಲಿ ಕೂತ ಹುಡುಗನೂ ಅಷ್ಟರಲ್ಲಿ ಏಳು ಪಂದ್ಯ ಕಂಡಿರುತ್ತಾನೆ.